ಸಂಜೆ ಆರಕ್ಕೆ ಏರುವ ಕಾಗಿಣಾ

ಕಾಗಿಣಾ ನದಿ ದಿನಾ ಸಂಜೆ ಆರು ಗಂಟೆ ಕಳೆದ ಕೂಡಲೇ ಒಂದೂವರೆ ಮೀಟರ್ ಏರುತ್ತದೆ, ಏಳಕ್ಕೆ ಸರಿಯಾಗಿ ಇಳಿಯುತ್ತದೆ ಎಂದು ಸರ್ಕಾರದ ಯಂತ್ರ ಹೇಳಿದಾಗ ನಮ್ಮ ಊರಿನವರು ಮೊದಲು ನಕ್ಕರು. ವಾರ ಕಳೆದ ಮೇಲೆ ನಂಬಿದರು. ಎರಡು ವಾರ ಕಳೆದ ಮೇಲೆ, ಇದು ಅಜ್ಜ ಮುತ್ತಜ್ಜರ ಕಾಲದಿಂದಲೂ ಹೀಗೇ ಇತ್ತು, ಸರ್ಕಾರಕ್ಕೆ ಈಗ ಗೊತ್ತಾಯಿತು ಎಂದು ಹೇಳತೊಡಗಿದರು. ನಾನೂ ಹೇಳಿದ್ದೇನೆ. ಸೇತುವೆಯ ಬಾಯಿಗೆ ಚಾ ಹೋಟೆಲ್ ಇಟ್ಟುಕೊಂಡವನು ಗಿರಾಕಿಯ ಮಾತಿಗೆ ಅಡ್ಡ ಮಾತಾಡಿದರೆ ನಡೆಯುವುದಿಲ್ಲ.

ಆದರೆ ಒಬ್ಬನೇ ಒಬ್ಬ ಮನುಷ್ಯ, ನದಿ ಏರಿಲ್ಲ ಎಂದು ಕೊನೆಯವರೆಗೂ ಹಟ ಹಿಡಿದ. ಅವನೇ ನಮ್ಮ ದೇವಿಂದ್ರಪ್ಪ. ಏರಿಸುತ್ತಿದ್ದವನೂ ಅವನೇ. ಅದನ್ನೇ ಈಗ ಹೇಳಬೇಕಾಗಿದೆ.

ನಮ್ಮ ಊರು ಸೇಡಂನಿಂದ ಬಸ್ಸಿನಲ್ಲಿ ಅರ್ಧ ತಾಸು. ಸೇತುವೆಯ ಕೆಳಗೆ, ದಂಡೆಯಿಂದ ನೀರಿನ ತನಕ, ಕಪ್ಪು ಬಿಳಿ ಬಣ್ಣದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮೇಲೆ ಮೀಟರು, ಸೆಂಟಿಮೀಟರು ಬರೆದಿದೆ. ಅದಕ್ಕೆ ಗೇಜು ಎಂದು ಹೆಸರು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ, ವಹಿಯಲ್ಲಿ ಬರೆದು, ಕಲಬುರಗಿಯ ಕಚೇರಿಗೆ ಫೋನ್ ಮಾಡಿ ಹೇಳುವುದು ದೇವಿಂದ್ರಪ್ಪನ ಕೆಲಸ. ತಿಂಗಳಿಗೊಮ್ಮೆ ಒಂದು ಬಾಟಲಿ ನೀರು ತುಂಬಿ ಪರೀಕ್ಷೆಗೆಂದು ಬಸ್ಸಿಗೆ ಹಾಕಬೇಕು. ಇಷ್ಟು ಕೆಲಸಕ್ಕೆ ಅವನು ತೋರಿಸುತ್ತಿದ್ದ ದೌಲತ್ತು ತಹಸೀಲ್ದಾರರಲ್ಲಿಯೂ ಕಾಣೆ. ಇಲಾಖೆ ಅವನಿಗೆ ಒಂದು ಕಬ್ಬಿಣದ ಕುರ್ಚಿ ಕೊಟ್ಟಿತ್ತು. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರ್ ಹಾಕಿತ್ತು. ಆ ಕುರ್ಚಿಯ ಮೇಲೆ ಇನ್ನೊಬ್ಬರು ಕೂಡಬಾರದು. ಒಮ್ಮೆ ಪಂಚಾಯಿತಿ ಮೆಂಬರ್ ಸಂಗಮೇಶ್ವರ ಕೂತಿದ್ದಕ್ಕೆ, "ಏಳ್ರಿ, ಅದು ಸರ್ಕಾರದ್ದು" ಎಂದು ಎಬ್ಬಿಸಿದ್ದ.

ಹೆಂಡತಿ ಭೀಮಬಾಯಿ ಇರುವಾಗ ಈ ದೌಲತ್ತಿಗೆ ಒಂದು ಲಗಾಮು ಇತ್ತು. ಮಕ್ಕಳಿಲ್ಲ. ಸೇತುವೆಯ ಪಕ್ಕದಲ್ಲೇ ಎರಡು ಖೋಲಿಯ ಮನೆ. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಆಗ ಹದಿನೈದು ದಿನ ನನ್ನ ಹೆಂಡತಿ ಶರಣಬಸಮ್ಮ ಅವನಿಗೆ ರೊಟ್ಟಿ ಪಲ್ಯ ಕಳಿಸಿದಳು. ಹದಿನಾರನೆಯ ದಿನ ನಮ್ಮ ಮನೆಗೆ ಬೀಗರು ಬಂದರು. ಆಮೇಲೆ ಕಳಿಸುವುದು ಮರೆತೇ ಹೋಯಿತು.

ಆ ಮೇಲೆ ಅವನ ಜೊತೆ ದಿನಾ ಮಾತಾಡುತ್ತಿದ್ದವಳು ಒಬ್ಬಳೇ. ಕಲಬುರಗಿ ಕಚೇರಿಯಲ್ಲಿ ಫೋನ್ ಎತ್ತುವ ಜಬೀನಾ. ಅವನು ಆಕೆಯ ಮುಖ ನೋಡಿದವನಲ್ಲ. ನನ್ನ ಹೋಟೆಲಿನ ಮುಂದೆಯೇ ನಿಂತು ಸ್ಪೀಕರ್ ಹಚ್ಚಿ ಫೋನ್ ಮಾಡುತ್ತಿದ್ದುದರಿಂದ ಇಬ್ಬರ ಮಾತೂ ನನಗೆ ಬಾಯಿಪಾಠ.

"ಎಷ್ಟು ಕಾಕಾ?"

"ಬರಕೋರಿ ಮೇಡಂ. ಒಂದು..."

"ಹಾಂ, ಒಂದು."

"ಪಾಯಿಂಟು..."

"ಕಾಕಾ, ಇನ್ನಾ ಹತ್ತು ಮಂದಿ ಲೈನಿನಾಗ ಅದಾರ."

"ನಾಕು. ಆಮ್ಯಾಲ ಎರಡು. ಚಾ ಆಯ್ತೇನ್ರಿ ಮೇಡಂ?"

"ಆಯ್ತು ಕಾಕಾ. ನಿಮ್ದು?"

"ಆಯ್ತ್ರಿ."

ಮುಗಿಯಿತು. ನಲವತ್ತು ಸೆಕೆಂಡು. ಅದರಲ್ಲಿ ಹತ್ತು ಸೆಕೆಂಡು ಅವನು ಪಾಯಿಂಟ್ ಹೇಳುವುದಕ್ಕೇ ಹಿಡಿಸುತ್ತಿದ್ದ. ಇಡೀ ದಿನದಲ್ಲಿ ಅವನ ಮಾತುಕತೆ ಅಷ್ಟೇ, ಎರಡು ಸಲ ನಲವತ್ತು ಸೆಕೆಂಡು.

ಹೀಗಿರುವಾಗ ಈ ವರ್ಷ ಜನವರಿಯಲ್ಲಿ ಯಂತ್ರ ಬಂತು. ಮಹೇಶಕುಮಾರ ಎಂಬ ಎಳೆಯ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು, ಸೇತುವೆಯ ಕಟಕಟೆಗೆ ಒಂದು ಕಬ್ಬಿಣದ ತೋಳು ಕೂಡಿಸಿ, ಅದರ ತುದಿಗೆ ಕೊಡಪಾನದ ಗಾತ್ರದ ಒಂದು ಡಬ್ಬಿ ತೂಗುಹಾಕಿದರು. ಈ ಡಬ್ಬಿ ಕೆಳಗೆ ಕಿರಣ ಬಿಡುತ್ತದೆ, ಅದು ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ನೀರಿನ ಮಟ್ಟ ಎಷ್ಟೆಂದು ತಾನೇ ತಿಳಿದುಕೊಂಡು ಐದು ನಿಮಿಷಕ್ಕೊಮ್ಮೆ ಕಚೇರಿಗೆ ಕಳಿಸುತ್ತದೆ ಎಂದು ಅವರು ವಿವರವಾಗಿ ಹೇಳಿದರು. ನಾವು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಹಚ್ಚಿದ ಸೋಲಾರ್ ತಗಡಿನಿಂದ ಮೊಬೈಲ್ ಚಾರ್ಜ್ ಆಗುತ್ತದೋ ಇಲ್ಲವೋ ಎಂಬ ಚರ್ಚೆ ನಡೆದಿತ್ತು.

"ಹಂಗಾರ ನಂದೇನು ಕೆಲಸ್ರಿ ಸಾಹೇಬ್ರ?" ಎಂದು ದೇವಿಂದ್ರಪ್ಪ ಕೇಳಿದ.

"ನೀವು ಮೊದಲಿನಂಗ ಓದ್ರಿ. ಸ್ವಲ್ಪ ದಿನ ಎರಡೂ ತಾಳೆ ಹಾಕಿ ನೋಡಬೇಕು."

ದೇವಿಂದ್ರಪ್ಪನಿಗೆ ಇದರ ಅರ್ಥ ಬೇರೆ ರೀತಿಯಲ್ಲಿ ಆಯಿತು. ಜೀಪು ತಿರುವಿನಲ್ಲಿ ಮರೆಯಾಗುತ್ತಲೇ ನನ್ನ ಹೋಟೆಲಿಗೆ ಬಂದು, "ರೇವಣಪ್ಪ, ನನ್ನ ಕೈಕೆಳಗ ಒಂದು ಅಸಿಸ್ಟಂಟ್ ಕೊಟ್ಟಾರ. ಅದು ಸರಿ ಓದತದೋ ಇಲ್ಲೋ ನಾ ನೋಡಬೇಕಂತ" ಎಂದ. ನಾನು ಚಾ ಕೊಟ್ಟು ಅಭಿನಂದನೆ ಹೇಳಿದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಗೇಜು ಓದಿ, ಫೋನ್ ಮಾಡಿದ ಮೇಲೆ ದೇವಿಂದ್ರಪ್ಪ ಆ ಕಬ್ಬಿಣದ ಕುರ್ಚಿ ಹೆಗಲಿಗೇರಿಸಿ, ಬಗಲಿಗೆ ಕೊಡೆ ಸಿಕ್ಕಿಸಿ ನದಿಯೊಳಗೆ ಇಳಿಯುತ್ತಿದ್ದ. ಬೇಸಿಗೆಯಲ್ಲಿ ಅಲ್ಲಿ ಮೊಳಕಾಲು ನೀರು. ನೀರಿನಲ್ಲಿ ಒಂದು ಅಗಲವಾದ ಶಹಾಬಾದ ಫರಸಿ ಕಲ್ಲಿದೆ. ಅದರ ಮೇಲೆ ಕುರ್ಚಿ ಹಾಕಿ, ಪಶ್ಚಿಮದ ಬಿಸಿಲು ಕಣ್ಣಿಗೆ ಬಡಿಯುತ್ತದೆಂದು ಕೊಡೆ ಬಿಚ್ಚಿ, ಏಳರ ತನಕ ಕೂಡುತ್ತಿದ್ದ. ಎರಡು ವರ್ಷದಿಂದ ನಾವು ಇದನ್ನು ದಿನಾ ನೋಡುತ್ತಿದ್ದೆವು. ದಿನಾ ನೋಡುತ್ತಿದ್ದುದರಿಂದ ನೋಡುವುದನ್ನು ಬಿಟ್ಟಿದ್ದೆವು.

ಯಂತ್ರ ಬಂದ ಮರುದಿನ ಸಂಜೆ, ಆರೂ ಇಪ್ಪತ್ತಕ್ಕೆ, ನದಿಯ ನಡುವೆ ಕೂತವನ ಜೇಬಿನಲ್ಲಿ ಫೋನ್ ರಿಂಗಣಿಸಿತು. ಎರಡು ವರ್ಷದಲ್ಲಿ ಅದಾಗಿಯೇ ರಿಂಗಣಿಸಿದ್ದು ಅದೇ ಮೊದಲು. ಅವನು ಗಾಬರಿಯಿಂದ ಎದ್ದು ನಿಂತ.

"ಕಾಕಾ, ನದಿ ಏರ್ಯಾದೇನು? ಮಶೀನು ಎರಡು ಪಾಯಿಂಟ್ ಒಂಬತ್ತು ತೋರಸ್ಲಿಕತ್ತದ!"

"ಇಲ್ರಿ ಮೇಡಂ. ತಡೀರಿ, ನೋಡಿ ಹೇಳ್ತೀನಿ."

ಅವನು ಕೊಡೆ ಮಡಚಿ, ಸರ್ಕಾರದ ಕುರ್ಚಿ ನೀರುಪಾಲಾಗಬಾರದೆಂದು ಅದನ್ನೂ ಹೆಗಲ ಮೇಲೆ ಹಾಕಿಕೊಂಡು ದಂಡೆಗೆ ಬಂದು ಗೇಜು ನೋಡಿದ. ಒಂದು ಪಾಯಿಂಟ್ ನಾಲ್ಕು ಎರಡು. ಅಷ್ಟು ಹೊತ್ತಿಗೆ ಯಂತ್ರವೂ ಅದನ್ನೇ ಹೇಳಿತು. "ಇಳೀತು ಕಾಕಾ" ಎಂದಳು ಜಬೀನಾ. ಅವನು ಸಮಾಧಾನದಿಂದ ವಾಪಸ್ ಹೋಗಿ ಕೂತ. ಫೋನ್ ಮತ್ತೆ ರಿಂಗಣಿಸಿತು. ಆ ಸಂಜೆ ಕುರ್ಚಿ ಹೊತ್ತು ನಾಲ್ಕು ಸಲ ದಂಡೆಗೆ ಬಂದ, ನಾಲ್ಕು ಸಲವೂ ನದಿ ಅವನನ್ನು ನೋಡಿ ಇಳಿಯಿತು.

ಹೀಗೆ ದಿನಾ ನಡೆಯಿತು. ಜಬೀನಾ ಬರಬರುತ್ತ ನೀರಿನ ಜೊತೆಗೆ ಬೇರೆ ಮಾತೂ ಆಡತೊಡಗಿದಳು. ಮಶೀನು ತಾಳೆಯಾಗುವ ತನಕ ಲೈನಿನಲ್ಲೇ ಇರಬೇಕಲ್ಲ. ಅವಳ ಅಮ್ಮನ ಮೊಳಕಾಲು ನೋವು, ಅವನ ತೊಗರಿ ಬೇಳೆ, ವಾಡಿ ಸ್ಟೇಶನ್ನಿನಲ್ಲಿ ಅವಳು ರೈಲು ತಪ್ಪಿಸಿಕೊಂಡ ಕಥೆ, ಎಲ್ಲ ಆಯಿತು. ನಲವತ್ತು ಸೆಕೆಂಡು ಹೋಗಿ ನಾಲ್ಕು ನಿಮಿಷ, ಹತ್ತು ನಿಮಿಷವಾಯಿತು. ದೇವಿಂದ್ರಪ್ಪ ಅಂಗಿಗೆ ಇಸ್ತ್ರಿ ಮಾಡಿಸತೊಡಗಿದ. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಎಂದು ನಾನು ಹೇಳಿದರೆ, "ಮಾತು ನೆಟ್ಟಗ ಬರತಾವ" ಎಂದ.

ಆದರೆ ಯಂತ್ರ ಜಬೀನಾಗೆ ಮಾತ್ರ ಹೇಳಿ ಸುಮ್ಮನಿರುವ ಜಾತಿಯದಲ್ಲ. ಮಟ್ಟ ಒಮ್ಮೆಲೇ ಏರಿದರೆ ಅದು ಪಂಚಾಯಿತಿಗೂ ಸಂದೇಶ ಕಳಿಸುತ್ತದೆ. ಮೋಡದ ಒಂದು ತುಣುಕೂ ಇಲ್ಲದ ಫೆಬ್ರುವರಿಯಲ್ಲಿ ನಮ್ಮ ಮೆಂಬರ್ ಸಂಗಮೇಶ್ವರನ ಮೊಬೈಲಿಗೆ ಪ್ರವಾಹದ ಎಚ್ಚರಿಕೆ ಬಂತು. ಅವನು ಆಟೋದ ಮೇಲೆ ಲೌಡ್‌ಸ್ಪೀಕರ್ ಕಟ್ಟಿ ಊರೆಲ್ಲ ಸುತ್ತಿದ. "ಹೊಳಿ ಏರ್ಯಾದ! ದನಾ ಕರಾ ಸಂಭಾಳಸ್ರಿ! ಮುದುಕರನ್ನ ಮಾಳಗಿ ಮ್ಯಾಲ ಹತ್ತಸ್ರಿ!" ನಾಲ್ಕು ಮುದುಕರನ್ನು ಹತ್ತಿಸಿದೆವು. ಅವರನ್ನು ಇಳಿಸಲು ಮರುದಿನ ಮಧ್ಯಾಹ್ನವಾಯಿತು.

ಸುದ್ದಿ ಹಬ್ಬಿತು. ಭಾನುವಾರ ಚಿತ್ತಾಪುರ, ಶಹಾಬಾದ ಕಡೆಯಿಂದ ಮೋಟರ್ ಸೈಕಲ್ ಮೇಲೆ ಜನ ಬಂದು ಸೇತುವೆಯ ಉದ್ದಕ್ಕೂ ಮೊಬೈಲ್ ಹಿಡಿದು ನಿಂತರು. ನಾನು ಮಿರ್ಚಿ ಭಜಿ ಶುರು ಮಾಡಿದೆ. ಆರಾಯಿತು, ಆರೂವರೆಯಾಯಿತು, ನದಿ ಒಂದು ಬೊಟ್ಟಿನಷ್ಟೂ ಏರಲಿಲ್ಲ. ಯಾಕೆಂದರೆ ಅಷ್ಟು ಜನರ ಕಣ್ಣೆದುರು ನದಿಯಲ್ಲಿ ಹೋಗಿ ಕೂಡಲು ದೇವಿಂದ್ರಪ್ಪನಿಗೆ ನಾಚಿಕೆಯಾಗಿ, ಅವನು ಮನೆಯ ಬಾಗಿಲು ಹಾಕಿಕೊಂಡಿದ್ದ. ಅದು ನಮಗೆ ಹೊಳೆಯಬೇಕಲ್ಲ! ಹೊಳೆದದ್ದು ಶರಣಬಸಮ್ಮನಿಗೆ, ಅದೂ ಬೇರೆಯೇ.

"ಹೊಳಿನೂ ಹೆಣ್ಣಲ್ಲೇನ್ರಿ? ಇಷ್ಟು ಮಂದಿ ಗಂಡಸರು ಮಾರಿ ನೋಡಕೋತ ನಿಂತರ ಹೆಂಗ ಏಳತಾಳ?" ಎಂದಳು. ಮರುದಿನ ಹೆಂಗಸರು ಕಾಯಿ ಕರ್ಪೂರ ಹಿಡಿದುಕೊಂಡು ಹೋದರು. ಆವತ್ತೂ ಏರಲಿಲ್ಲ. ನದಿಗೆ ಹೆಂಗಸರ ಎದುರಿಗೂ ನಾಚಿಕೆ ಎಂದು ತೀರ್ಮಾನವಾಯಿತು. ಕಲಬುರಗಿಯಿಂದ ದೊಡ್ಡ ಸಾಹೇಬರೊಬ್ಬರು ಫೋನ್ ಮಾಡಿ, "ನಿಮ್ಮ ನದಿಗಿ ಭಾನುವಾರ ರಜಾ ಅದೇನು?" ಎಂದು ಸಂಗಮೇಶ್ವರನನ್ನು ಕೇಳಿದರಂತೆ. ವಿಚಾರಿಸಿ ಹೇಳುತ್ತೇನೆ ಎಂದು ಇವನು ಉತ್ತರ ಕೊಟ್ಟ.

ಮಾರ್ಚ್ ಮೊದಲ ವಾರ ದೇವಿಂದ್ರಪ್ಪನಿಗೆ ಪತ್ರ ಬಂತು. ಯಂತ್ರದ ಅಳತೆಗೂ ನಿಮ್ಮ ಅಳತೆಗೂ ತಾಳೆಯಾಗುತ್ತಿಲ್ಲ. ಹದಿನೈದು ದಿನದೊಳಗೆ ನಿಮ್ಮ ಕಣ್ಣಿನ ಪರೀಕ್ಷೆಯ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ವ್ಯತ್ಯಾಸಕ್ಕೆ ಕಾರಣ ಸಿಗದಿದ್ದಲ್ಲಿ ಗೇಜು ಓದುವ ಕೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೆ ವಹಿಸಿ ನಿಮ್ಮ ಸೇವೆ ನಿಲ್ಲಿಸಲಾಗುವುದು.

ಪತ್ರ ಹಿಡಿದು ಅವನು ನನ್ನ ಬಾಣಲೆಯ ಮುಂದೆ ನಿಂತ. "ಪಗಾರ ಹೋದರ ಹೋಗ್ಲಿ ರೇವಣಪ್ಪ. ಎರಡು ಎಕರೆ ತೊಗರಿ ಅದ, ಒಂದು ಹೊಟ್ಟಿ. ಖರೇ ಮುಂಜಾನಿ ಎಂಟಕ್ಕ ನಾ ಯಾರಿಗಿ ಫೋನ್ ಹಚ್ಚಲಿ?"

ನನಗೆ ಹಚ್ಚು ಎನ್ನಬಹುದಿತ್ತು. ನಾನು ಭಜಿ ತಿರುವುತ್ತಿದ್ದೆ. "ಮೊದಲು ಕಣ್ಣು ತೋರಸು" ಎಂದೆ.

ಸೇಡಂಗೆ ಹೋದ. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಇವನು ಮೇಲಿಂದ ಕೆಳತನಕ ಎಲ್ಲ ಸಾಲೂ ಓದಿ, "ಇನ್ನೂ ಕೆಳಗ ಪ್ರೆಸ್ಸಿನವರ ಹೆಸರು, ಫೋನ್ ನಂಬರ್ ಅದರಿ. ಓದಲೇನು?" ಎಂದ. ಡಾಕ್ಟರು ಎದ್ದು ಹೋಗಿ ಹತ್ತಿರದಿಂದ ನೋಡಿದರು. ಹೌದು, ಇತ್ತು. ಈ ಕಣ್ಣಿಗೆ ಯಾವ ದೋಷವೂ ಇಲ್ಲ ಎಂದು ಬರೆದುಕೊಟ್ಟರು. ಇದರಿಂದ ಕಚೇರಿಯವರ ಗೊಂದಲ ಇನ್ನೂ ಹೆಚ್ಚಾಯಿತು. ಮನುಷ್ಯನ ಕಣ್ಣೂ ಸರಿ, ಯಂತ್ರದ ಕಣ್ಣೂ ಸರಿ, ಹಾಗಾದರೆ ನದಿಯೇ ತಪ್ಪು ಎಂದಾಗುತ್ತದೆ. ನದಿಗೆ ನೋಟಿಸ್ ಕೊಡಲು ಬರುವುದಿಲ್ಲವಾದ್ದರಿಂದ ಮಹೇಶಕುಮಾರ ಸಾಹೇಬರನ್ನೇ ಕಳಿಸಿದರು.

ಅವರು ಬಂದು ತೋಳು ಅಲುಗಾಡಿಸಿ ನೋಡಿದರು, ಡಬ್ಬಿ ಒರೆಸಿದರು, ಮೇಲಿನ ಬ್ಯಾರೇಜಿನವರಿಗೆ ಫೋನ್ ಮಾಡಿ ನೀರು ಬಿಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕೊನೆಗೆ ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು ನಮ್ಮನ್ನೆಲ್ಲ ಕೇಳಿದರು.

"ಸಂಜಿ ಹೊತ್ತಿಗಿ ನದಿಯಾಗ ಯಾರರ ಇರ್ತಾರೇನ್ರಿ?"

"ಯಾರೂ ಇರಂಗಿಲ್ರಿ ಸಾಹೇಬ್ರ" ಎಂದೆ ನಾನು.

"ಒಂದು ನರಪಿಳ್ಳಿ ಸೈತ ಇರಂಗಿಲ್ರಿ" ಎಂದ ಸಂಗಮೇಶ್ವರ.

ನಮ್ಮ ನಡುವೆಯೇ ನಿಂತಿದ್ದ ದೇವಿಂದ್ರಪ್ಪನೂ ತಲೆ ಅಲ್ಲಾಡಿಸಿದ. "ಖರೇ ಅದರಿ. ಯಾರೂ ಇರಂಗಿಲ್ಲ."

ಸಾಹೇಬರು ಸೇತುವೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಅಳತೆ ಆ ಕ್ಷಣಕ್ಕೇ ಕಾಣುವಂತೆ ವೈರಿನಿಂದ ಡಬ್ಬಿಗೆ ಜೋಡಿಸಿ ಕೂತರು. ಜನರನ್ನೆಲ್ಲ ಹೋಟೆಲಿನ ಈಚೆಗೆ ನಿಲ್ಲಿಸಿದರು. ದೇವಿಂದ್ರಪ್ಪನಿಗೆ, "ನೀವು ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ಏನೂ ಬಿಡಬ್ಯಾಡ್ರಿ" ಎಂದರು. ಸರ್ಕಾರದ ಆದೇಶ. ಅವನು ಗೇಜು ಓದಿದ, ಫೋನ್ ಮಾಡಿದ, ನಮ್ಮ ಕಡೆ ಒಮ್ಮೆ ನೋಡಿ ಸಂಕೋಚಪಟ್ಟು, ಕುರ್ಚಿ ಹೆಗಲಿಗೇರಿಸಿ ನದಿಗೆ ಇಳಿದ. ಫರಸಿಯ ಮೇಲೆ ಕುರ್ಚಿ ಹಾಕಿದ. ಕೂತ. ಕೊಡೆ ಬಿಚ್ಚಿದ.

"ಏರ್ತು!" ಎಂದು ಸಾಹೇಬರು ಕೂಗಿದರು. ಎದ್ದು ಕಟಕಟೆಯಿಂದ ಬಗ್ಗಿ ನೋಡಿದರೆ, ಡಬ್ಬಿಯ ನೆಟ್ಟಗೆ ಕೆಳಗೆ ಒಂದು ಕಪ್ಪು ಕೊಡೆ.

"ದೇವಿಂದ್ರಪ್ಪನವರೇ, ಎದ್ದು ನಿಂದರ್ರಿ!" ನಿಂತ. "ಮೂರು ಪಾಯಿಂಟ್ ಐದು! ಕುಂದ್ರಿ!" ಕೂತ. "ಎರಡು ಪಾಯಿಂಟ್ ಒಂಬತ್ತು! ಕೊಡಿ ಮಡಚ್ರಿ!" ಮಡಚಿದ. "ಎರಡೂವರಿ!"

ಹತ್ತು ನಿಮಿಷ ಸಾಹೇಬರು ಮೇಲಿನಿಂದ ಅಪ್ಪಣೆ ಕೊಟ್ಟರು, ದೇವಿಂದ್ರಪ್ಪ ಕೆಳಗೆ ಎದ್ದು ಕೂತು ಮಾಡಿದ, ಕಾಗಿಣಾ ಏರಿ ಇಳಿಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎರಡು ತಿಂಗಳು ಕಾಯಿ ಒಡೆಸಿಕೊಂಡ ಪ್ರವಾಹ ಈ ಅರವತ್ತೆರಡು ವರ್ಷದ ಮನುಷ್ಯ ಎಂದು ಗೊತ್ತಾದರೆ ಯಾರು ನಗುವುದಿಲ್ಲ?

ಸಾಹೇಬರು ಮಾತ್ರ ನಗಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ಅವನು ಮೇಲೆ ಬಂದ ಕೂಡಲೇ, "ಇಷ್ಟು ದೊಡ್ಡ ನದಿ ಅದ. ಆ ಮಶೀನಿನ ಬುಡಕ್ಕೇ ಯಾಕ ಕುಂದರ್ತೀರಿ?" ಎಂದು ಕೇಳಿದರು.

ದೇವಿಂದ್ರಪ್ಪ ಒದ್ದೆ ಧೋತರ ಹಿಂಡುತ್ತ ನಿಂತ. "ಅದು ನಮ್ಮ ಭೀಮಬಾಯಿ ಅರಬಿ ಒಗಿಯೋ ಕಲ್ಲದರಿ. ನಾ ಗೇಜು ಓದಿ ಬಂದ ಮ್ಯಾಲ, ಅಲ್ಲೇ ಒಗಕೋತ, ಇವತ್ತೆಷ್ಟು ಅಂತ ಕೇಳ್ತಿದ್ದಳು. ಹೇಳೋ ರೂಢಿ ಬಿದ್ದದರಿ. ಹೇಳಿ, ಚೂರು ಹೊತ್ತು ಕುಂತು ಬರ್ತೀನಿ."

ನಮ್ಮ ನಗು ನಿಂತಿತು. ಸಾಹೇಬರು ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದರು. ಎರಡು ತಿಂಗಳಿನ ಗೆರೆ ಅದರಲ್ಲಿತ್ತು. ದಿನಕ್ಕೊಂದರಂತೆ ಗುಡ್ಡ.

"ಇವೆಲ್ಲಾ ನೀವೇ" ಎಂದರು, ಈ ಸಲ ಮೆಲ್ಲಗೆ. "ಈ ಭಾನುವಾರಗಳಂದು ಮಂದಿ ಇದ್ದರು, ಬಂದಿಲ್ಲ. ಇಲ್ಲೇ ನೋಡ್ರಿ, ಫೆಬ್ರುವರಿ ಹನ್ನೊಂದು, ಹನ್ನೆರಡು. ಮಂದಿ ಇಲ್ಲ, ನೀವೂ ಇಲ್ಲ. ಯಾಕ?"

ದೇವಿಂದ್ರಪ್ಪ ಬೆರಳಿಂದ ಆ ಸಪಾಟು ಜಾಗ ಮುಟ್ಟಿದ. "ಆವತ್ತು ಜ್ವರ ಬಂದಿದ್ವರಿ. ಭಾಳ ಬಂದಿದ್ವು. ಹೆಂಗೋ ಗೇಜು ಓದಿ ಬಂದು ಮಲಗಿದ್ದೆ." ಆಮೇಲೆ ಗೆರೆಯನ್ನೇ ನೋಡುತ್ತ, "ಇದಕ್ಕ ಗೊತ್ತಾಗ್ಯಾದಲ್ರಿ!" ಎಂದ.

ನನ್ನ ಹೋಟೆಲಿನಿಂದ ಅವನ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ನನಗೆ ಗೊತ್ತಾಗಿರಲಿಲ್ಲ. ಆ ಎರಡು ದಿನ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಶರಣಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ನನಗೆ ಬಹಳ ನಾಚಿಕೆಯಾಯಿತು.

ಯಂತ್ರವನ್ನು ನಾಲ್ಕು ಮೊಳ ಆಚೆ ಸರಿಸಬಾರದೇ ಎಂದು ನಾವು ಕೇಳಿದೆವು. ಯಂತ್ರ ಸರಿಸಲು ಮೇಲಿನಿಂದ ಮಂಜೂರಿ ಬೇಕು, ಟೆಂಡರ್ ಆಗಬೇಕು, ಮನುಷ್ಯ ಸರಿಯಲು ಒಂದು ಪತ್ರ ಸಾಕು. ಫರಸಿಯನ್ನಾದರೂ ಸರಿಸೋಣ ಎಂದು ನಾನು, ಸಂಗಮೇಶ್ವರ, ಇನ್ನಿಬ್ಬರು ನೀರಿಗಿಳಿದು ಹಾರೆ ಹಾಕಿ ಮೀಟಿದೆವು. ಭೀಮಬಾಯಿ ಇಪ್ಪತ್ತು ವರ್ಷ ಒಗೆದು ಒಗೆದು ಅದನ್ನು ನದಿಯೊಳಗೆ ಕೂರಿಸಿಬಿಟ್ಟಿದ್ದಳು. ಅದು ಮಿಸುಕಲಿಲ್ಲ. "ಬಿಡ್ರಿ, ಆಕಿ ಹಟ ನನಗ ಗೊತ್ತದ" ಎಂದ ದೇವಿಂದ್ರಪ್ಪ.

ಸಾಹೇಬರು ಒಳ್ಳೆಯವರು. ವ್ಯತ್ಯಾಸಕ್ಕೆ ಕಾರಣ ಸಿಕ್ಕಿದೆ, ಯಂತ್ರದ ಕೆಳಗೆ ಒಂದು ಅಡಚಣೆ ಇತ್ತು, ಅದನ್ನು ತೆರವುಗೊಳಿಸಲಾಗಿದೆ, ಗೇಜು ಓದುವವರ ಅಳತೆ ಮೊದಲಿನಿಂದಲೂ ಸರಿ ಇದೆ, ಅವರನ್ನು ಮುಂದುವರಿಸುವುದು ಎಂದು ಬರೆದುಕೊಂಡು ಹೋದರು. ಕೆಲಸ ಉಳಿಯಿತು. ಅಡಚಣೆ ಎಂದರೆ ತಾನೇ ಎಂದು ದೇವಿಂದ್ರಪ್ಪ ನನ್ನಿಂದ ಎರಡು ಸಲ ಕೇಳಿ ತಿಳಿದುಕೊಂಡ.

ಮರುದಿನ ಸಂಜೆ ಆರಕ್ಕೆ ಗೇಜು ಓದಿದ. ಫೋನ್ ಮಾಡಿದ. ಜಬೀನಾಳಿಗೆ ಲೈನಿನಲ್ಲಿ ಬೇರೆಯವರಿದ್ದರು, ಚಾದ ಮಾತೂ ಆಗಲಿಲ್ಲ. ಕುರ್ಚಿ ತಂದು ದಂಡೆಯ ಮೇಲೆ ಹಾಕಿ, ಕೊಡೆ ಬಿಚ್ಚದೆ ಕೂತ. ಅಲ್ಲಿಂದ ಫರಸಿಗೆ ಇಪ್ಪತ್ತು ಮಾರು. ಇವತ್ತೆಷ್ಟು ಎಂದು ಹೇಳಬೇಕಾದರೆ ಕೂಗಬೇಕು. ಕೂಗಿದರೆ ಊರಿಗೆಲ್ಲ ಕೇಳುತ್ತದೆ. ಅದಕ್ಕೆ ಸುಮ್ಮನೆ ಕೂತಿದ್ದ. ನಾನು ಎರಡು ಕಪ್ ಚಾ ಹಿಡಿದು ಹೋಗಿ ಪಕ್ಕದಲ್ಲಿ ನೆಲಕ್ಕೆ ಕೂತೆ. ಎರಡು ವರ್ಷ ಮಾತು ಬಿಟ್ಟವನಿಗೆ ಒಮ್ಮೆಲೇ ಮಾತು ಎಲ್ಲಿಂದ ಬರಬೇಕು? ಅವನು ಕುರ್ಚಿಯ ಮೇಲಿಂದ ಎದ್ದು, ಅದನ್ನು ನನ್ನ ಕಡೆ ಸರಿಸಿ, ತಾನು ನೆಲಕ್ಕೆ ಕೂತ. ಸರ್ಕಾರದ ಕುರ್ಚಿಯ ಮೇಲೆ ಕೂಡಲು ನನಗೆ ಧೈರ್ಯ ಬರಲಿಲ್ಲ. ಕುರ್ಚಿ ಖಾಲಿ ಇತ್ತು. ನಾವಿಬ್ಬರೂ ಅದರ ಎರಡೂ ಬದಿಗೆ ಚಾ ಕುಡಿದೆವು.

ಆರೂ ಇಪ್ಪತ್ತಕ್ಕೆ ಅವನ ಫೋನ್ ರಿಂಗಣಿಸಿತು.

"ಕಾಕಾ?" ಜಬೀನಾಳ ದನಿ. "ಇವತ್ತು ನದಿ ಏರಲೇ ಇಲ್ಲ."

"ಇನ್ನ ಏರಂಗಿಲ್ರಿ ಮೇಡಂ. ಅಡಚಣಿ ತೆಗದಾರ."

"ರಿಪೋರ್ಟ್ ಓದೀನಿ, ಗೊತ್ತದ. ಖರೇ ಎರಡು ತಿಂಗಳು ದಿನಾ ನೋಡಿ ರೂಢಿ ಆಗ್ಯಾದಲ್ಲ ಕಾಕಾ. ಗೆರಿ ಸಪಾಟ್ ಕಂಡ ಕೂಡ್ಲೇ ಜೀವ ಗಾಬರಿ ಆತು. ಆರಾಮ ಇದ್ದೀರಲ್ಲ?"

ದೇವಿಂದ್ರಪ್ಪ ಚಾದ ಕಪ್ ನೆಲಕ್ಕಿಟ್ಟ. "ಆರಾಮ ಇದ್ದೀನವ್ವ."

"ಮತ್ತ ಇವತ್ತೆಷ್ಟು?"

ಆರಕ್ಕೇ ಹೇಳಿ ಬರೆಸಿದ್ದ. ಇನ್ನೊಮ್ಮೆ ಬರೆಯಲು ಅವಳ ವಹಿಯಲ್ಲಿ ಜಾಗವೂ ಇರಲಿಕ್ಕಿಲ್ಲ. ದೇವಿಂದ್ರಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ನೀರಿನಲ್ಲಿ ಅರ್ಧ ಮುಳುಗಿದ ಆ ಕಲ್ಲಿನ ಕಡೆ ಮುಖ ಮಾಡಿ ಕೂತು, ಫೋನಿಗೆ ಹೇಳಿದ.

"ಒಂದು..." ಎಂದ.

"ಹಾಂ, ಒಂದು" ಎಂದಳು ಜಬೀನಾ. ಈ ಸಲ ಅವಳಿಗೂ ಅವಸರವಿರಲಿಲ್ಲ.